ಹಳೇ ಬೈಕಿನ ಇಗ್ನಿಷನ್ ಸ್ವಿಚ್ ವೈರಿಂಗ್: ಇರುವುದನ್ನೇ ಸರಿ ಮಾಡಬೇಕಾ, ಹೊಸದು ಹಾಕಬೇಕಾ, ರಿಲೇ ಸಾಕಾ?

ಕೀ ತಿರುಗಿಸಿದರೆ ಒಂದು ಸಲ ಲೈಟು ಬರುತ್ತದೆ, ಇನ್ನೊಂದು ಸಲ ಬರಲ್ಲ. ಕೀಯನ್ನು ಸ್ವಲ್ಪ ಅಲ್ಲಾಡಿಸಿದರೆ ಬರುತ್ತದೆ, ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ನಿಂತೇ ಹೋಗುತ್ತದೆ. ಇಂಥ ಗಾಡಿಗೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂದ್ರೆ ಹೊಸ ಸ್ವಿಚ್ ತಂದು ಹಾಕುವುದು. ನನ್ನ ಪ್ರಕಾರ ಅದು ಬಹಳಷ್ಟು ಸಲ ಕೊನೆಗೆ ಮಾಡಬೇಕಾದ ಕೆಲಸ. ಹಳೇ ಸ್ವಿಚ್ಚಿನ ಲೋಹ, ಅದರ ಬೀಗ, ಸ್ಟೀರಿಂಗ್ ಲಾಕು ಎಲ್ಲವೂ ಗಟ್ಟಿಯಾಗಿಯೇ ಇರುತ್ತವೆ. ಹಾಳಾಗಿರುವುದು ಅದರ ತಳದ ಕಾಂಟ್ಯಾಕ್ಟು, ಇಲ್ಲವೇ ಅಲ್ಲಿಂದ ಹೊರಡುವ ನಾಲ್ಕಾರು ತಂತಿ, ಇಲ್ಲವೇ ಒಂದು ಕನೆಕ್ಟರ್. ಎಲ್ಲಿ ಹಾಳಾಗಿದೆ ಎಂದು ಅಳೆದು ನೋಡದೆ ದಾರಿ ಆರಿಸಿದರೆ ಹೊಸ ಸ್ವಿಚ್ ಹಾಕಿದ ಮೇಲೂ ಅದೇ ಕಾಟ ಮುಂದುವರಿಯುತ್ತದೆ.

ನಿಮ್ಮ ಮುಂದಿರುವ ದಾರಿಗಳು ಇಷ್ಟು. ಇರುವ ಸ್ವಿಚ್ಚನ್ನೇ ಬಿಚ್ಚಿ ಕಾಂಟ್ಯಾಕ್ಟ್ ತೊಳೆಯುವುದು. ಸ್ವಿಚ್ ಉಳಿಸಿಕೊಂಡು ತಂತಿ ಮತ್ತು ಕನೆಕ್ಟರ್ ಮಾತ್ರ ಹೊಸದು ಮಾಡುವುದು. ಗಾಡಿಯ ಮಾದರಿಗೇ ಬರುವ ಹೊಸ ಸ್ವಿಚ್ ಹಾಕುವುದು. ಯಾವುದೋ ಸಾಮಾನ್ಯ ಸ್ವಿಚ್ ತಂದು ಹೊಂದಿಸುವುದು. ಇವುಗಳ ಜೊತೆಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಸೇರಿಸುವುದು ಇನ್ನೊಂದು, ಅದನ್ನು ಯಾವ ದಾರಿಗೆ ಬೇಕಾದರೂ ಜೋಡಿಸಬಹುದು.

ಮೊದಲು ನಿಮ್ಮ ಗಾಡಿ ಯಾವ ಜಾತಿ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಹಳೇ ಬೈಕುಗಳ ಇಗ್ನಿಷನ್ ಸ್ವಿಚ್ ಎರಡು ತದ್ವಿರುದ್ಧ ರೀತಿಯಲ್ಲಿ ಕೆಲಸ ಮಾಡುತ್ತದೆ. ಬ್ಯಾಟರಿಯಿಂದ ಇಗ್ನಿಷನ್ ಕಾಯಿಲ್‌ಗೆ (ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟು ಕೊಡುವ ಸುರುಳಿ) ಕರೆಂಟು ಹೋಗುವ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಎರಡು ತಂತಿ ಸೇರುತ್ತವೆ, ಆಫ್ ಮಾಡಿದರೆ ಬೇರೆಯಾಗುತ್ತವೆ, ಕಿಡಿ ನಿಲ್ಲುತ್ತದೆ. ಆದರೆ ಮ್ಯಾಗ್ನೆಟೋ (ಎಂಜಿನ್ ತಿರುಗುವಾಗ ಅಯಸ್ಕಾಂತದಿಂದ ಕರೆಂಟು ಹುಟ್ಟಿಸುವ ಭಾಗ) ಇರುವ ಗಾಡಿಗಳಲ್ಲಿ, ಮ್ಯಾಗ್ನೆಟಿನ ಕಾಯಿಲ್‌ನಿಂದಲೇ ಓಡುವ ಎಸಿ ಸಿಡಿಐ (ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಗಾಡಿಗಳಲ್ಲಿ, ವಿಷಯ ಉಲ್ಟಾ. ಅಲ್ಲಿ ಕಿಡಿಗೆ ಬ್ಯಾಟರಿಯೇ ಬೇಕಿಲ್ಲ. ಕೀ ಆಫ್ ಮಾಡಿದಾಗ ಸ್ವಿಚ್ಚಿನ ಒಳಗೆ ಒಂದು ತಂತಿ ಬಾಡಿ ಅರ್ಥಿಗೆ, ಅಂದ್ರೆ ಗಾಡಿಯ ಲೋಹದ ಮೈಗೆ ಸೇರುತ್ತದೆ, ಅದರಿಂದಲೇ ಎಂಜಿನ್ ನಿಲ್ಲುತ್ತದೆ. ಆನ್ ಮಾಡಿದಾಗ ಆ ಜೋಡಿ ಬಿಟ್ಟುಕೊಳ್ಳುತ್ತದೆ.

ಇದು ಗೊತ್ತಿಲ್ಲದೆ ಎಸಿ ಸಿಡಿಐ ಗಾಡಿಗೆ ಎರಡು ತಂತಿಯ ಮಾಮೂಲಿ ಸ್ವಿಚ್ ಹಾಕಿದರೆ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಲ್ಲಿಸುವ ತಂತಿಯನ್ನು ಬ್ಯಾಟರಿಯ ತಂತಿ ಎಂದುಕೊಂಡು ಅದಕ್ಕೆ 12 ವೋಲ್ಟ್ ಕೊಟ್ಟರೆ ಸಿಡಿಐ ಪೆಟ್ಟಿಗೆಯೇ ಸುಟ್ಟುಹೋಗಬಹುದು.

ಬಣ್ಣಗಳಿಂದ ಒಂದು ಅಂದಾಜು ಸಿಗುತ್ತದೆ. ಹಳೇ ಹೋಂಡಾಗಳಲ್ಲಿ ಸಾಮಾನ್ಯವಾಗಿ ಕೆಂಪು ಬ್ಯಾಟರಿಯಿಂದ ಬರುವುದು, ಕಪ್ಪು ಸ್ವಿಚ್ ದಾಟಿದ ಮೇಲಿನದು, ಹಸಿರು ಅರ್ಥ್, ಕಪ್ಪಿನ ಮೇಲೆ ಬಿಳಿ ಗೆರೆ ಇದ್ದರೆ ಎಂಜಿನ್ ನಿಲ್ಲಿಸುವ ತಂತಿ. ಯಮಹಾದಲ್ಲಿ ಕೆಂಪು ಒಳಗೆ, ಕಂದು ಹೊರಗೆ, ಕಪ್ಪು ಅರ್ಥ್. ಸುಜುಕಿಯಲ್ಲಿ ಕೆಂಪು ಒಳಗೆ, ಕಿತ್ತಳೆ ಹೊರಗೆ, ಮತ್ತೆ ಕಪ್ಪು-ಬಿಳಿ ಅಂದ್ರೆ ಅಲ್ಲಿ ಅರ್ಥ್. ಗಮನಿಸಿದಿರಾ, ಒಂದೇ ಕಪ್ಪು-ಬಿಳಿ ತಂತಿ ಎರಡು ಕಂಪನಿಗಳಲ್ಲಿ ಎರಡು ಕೆಲಸ ಮಾಡುತ್ತದೆ. ಹಳೇ ಬ್ರಿಟಿಷ್ ಗಾಡಿಗಳಲ್ಲಂತೂ ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಹೋಗಿರುತ್ತದೆ, ಕೆಂಪು ತಂತಿಯೇ ಅರ್ಥ್. ಜೊತೆಗೆ ನಿಮಗಿಂತ ಮುಂಚೆ ಗಾಡಿ ಇಟ್ಟುಕೊಂಡವರು ಯಾವ ಬಣ್ಣದ ತಂತಿ ಎಲ್ಲಿ ಸೇರಿಸಿದ್ದಾರೋ ಯಾರಿಗೆ ಗೊತ್ತು. ಹಾಗಾಗಿ ಬಣ್ಣ ನೋಡಿ ಊಹಿಸಿ, ಮಲ್ಟಿಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ. ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಕೀಯ ಪ್ರತಿ ಸ್ಥಾನದಲ್ಲೂ ಯಾವ ತಂತಿ ಯಾವುದಕ್ಕೆ ಸೇರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಫ್‌ನಲ್ಲಿ ಯಾವುದಾದರೂ ಜೋಡಿ ಸೇರಿದ್ದರೆ ನಿಮ್ಮದು ಎರಡನೇ ಜಾತಿಯ ಗಾಡಿ.

ತಪ್ಪು ಯಾರದು ಎಂದು ಅಳೆಯುವುದು

ಮೀಟರಿನಲ್ಲಿ ಬರೀ ಬೀಪ್ ಬಂದರೆ ತಂತಿ ಚೆನ್ನಾಗಿದೆ ಎಂದುಕೊಳ್ಳಬೇಡಿ. ಹತ್ತಿಪ್ಪತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಲೋಡ್ ಹಾಕಿ, ಅಂದ್ರೆ ತಂತಿಯಲ್ಲಿ ನಿಜವಾಗಿ ಕರೆಂಟು ಹರಿಯುವಂತೆ ಮಾಡಿ ನೋಡಬೇಕು.

ಬ್ಯಾಟರಿಯಿಂದ ಲೈಟು ಉರಿಯುವ ಗಾಡಿಯಾದರೆ ಎಂಜಿನ್ ಆಫ್ ಇರಲಿ, ಕೀ ಆನ್ ಮಾಡಿ, ಹೆಡ್‌ಲೈಟ್ ಹಾಕಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಸ್ವಿಚ್ ದಾಟಿದ ತಂತಿಯ ಮೇಲೆ ಇಡಿ. ಪ್ಲಸ್ ಅರ್ಥ್ ಇರುವ ಗಾಡಿಯಾದರೆ ಮೈನಸ್‌ನಿಂದ ಶುರು ಮಾಡಿ. ಕಾಣಿಸುವ ಸಂಖ್ಯೆಯೇ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟ್. ನಂತರ ಕಡ್ಡಿಗಳನ್ನು ಸ್ವಿಚ್ಚಿನ ಒಳಬರುವ ತಂತಿ ಮತ್ತು ಹೊರಹೋಗುವ ತಂತಿಯ ಮೇಲೆ ಇಟ್ಟು ಮತ್ತೆ ನೋಡಿ. ಸ್ವಿಚ್ಚಿನ ಮೇಲೆ 0.1 ಅಥವಾ 0.2 ವೋಲ್ಟ್ ಬಿದ್ದರೆ ಚಿಂತೆ ಬೇಡ. ಅರ್ಧ ವೋಲ್ಟ್ ದಾಟಿದರೆ ಕಾಂಟ್ಯಾಕ್ಟ್ ಕೆಲಸ ಕೇಳುತ್ತಿದೆ. ಒಟ್ಟು ಒಂದು ವೋಲ್ಟ್ ಕಳೆದು ಅದರಲ್ಲಿ ಸ್ವಿಚ್ಚಿನ ಪಾಲು ಬರೀ 0.1 ಇದ್ದರೆ, ಬೈಗುಳ ತಿನ್ನುತ್ತಿರುವುದು ಸ್ವಿಚ್ಚು, ತಪ್ಪು ಮಾಡಿರುವುದು ಫ್ಯೂಸ್ ಹೋಲ್ಡರೋ ಮುಖ್ಯ ಕನೆಕ್ಟರೋ. ಗಾಜಿನ ಫ್ಯೂಸ್ ಇರುವ ಗಾಡಿಗಳಲ್ಲಿ ಆ ಫ್ಯೂಸ್ ಹಿಡಿಯುವ ಕ್ಲಿಪ್ ಸಡಿಲವಾಗಿ, ಕಪ್ಪಾಗಿ ಕೂತಿರುವುದು ತುಂಬಾ ಸಾಮಾನ್ಯ.

ಈ ಅರ್ಧ, ಮುಕ್ಕಾಲು ವೋಲ್ಟಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಲೆಕ್ಕ ನೋಡಿ. ಹೆಡ್‌ಲೈಟು, ಟೈಲ್ ಲೈಟು, ಕಾಯಿಲು ಸೇರಿ 8 ಆಂಪ್ ಹರಿಯುತ್ತಿದೆ, ಕಾಂಟ್ಯಾಕ್ಟಿನಲ್ಲಿ ಬರೀ 0.1 ಓಮ್ ತಡೆ ಇದೆ ಎಂದುಕೊಳ್ಳಿ. 0.8 ವೋಲ್ಟ್ ಅಲ್ಲೇ ಹೋಯಿತು. ಜೊತೆಗೆ ಆ ಸಣ್ಣ ಜಾಗದಲ್ಲಿ 6.4 ವ್ಯಾಟ್ ಬಿಸಿ. ಬಿಸಿಗೆ ಸ್ಪ್ರಿಂಗ್ ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ, ತಡೆ ಇನ್ನೂ ಜಾಸ್ತಿಯಾಗುತ್ತದೆ. ಬಲ್ಬಿನ ಬೆಳಕೂ ವೋಲ್ಟಿಗೆ ತಕ್ಕಷ್ಟೇ ಕಡಿಮೆಯಾಗುವುದಿಲ್ಲ, ಅದಕ್ಕಿಂತ ಬೇಗ ಬೀಳುತ್ತದೆ. ಫಿಲಮೆಂಟ್ ಬಲ್ಬಿಗೆ ವೋಲ್ಟ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಎಷ್ಟೋ ಹಳೇ ಬೈಕುಗಳಲ್ಲಿ ರೆಗ್ಯುಲೇಟರ್ (ಬ್ಯಾಟರಿ ಚಾರ್ಜನ್ನು ಹತೋಟಿಯಲ್ಲಿಡುವ ಭಾಗ) ಬ್ಯಾಟರಿಯ ವೋಲ್ಟನ್ನು ನೇರವಾಗಿ ನೋಡುವುದಿಲ್ಲ, ಸ್ವಿಚ್ ದಾಟಿದ ತಂತಿಯಲ್ಲಿ ನೋಡುತ್ತದೆ. ಸ್ವಿಚ್ಚಿನಲ್ಲಿ 1 ವೋಲ್ಟ್ ಕಳೆದರೆ ರೆಗ್ಯುಲೇಟರಿಗೆ ಬ್ಯಾಟರಿ 1 ವೋಲ್ಟ್ ಕಡಿಮೆ ಇದ್ದಂತೆ ಕಾಣುತ್ತದೆ, ಅದು ಚಾರ್ಜ್ ಜಾಸ್ತಿ ಮಾಡುತ್ತದೆ, ಬ್ಯಾಟರಿ ನೀರು ಬೇಗ ಬತ್ತುತ್ತದೆ. ಪದೇ ಪದೇ ಬ್ಯಾಟರಿ ಹಾಳಾಗುತ್ತಿದ್ದರೆ ಬ್ಯಾಟರಿ, ರೆಗ್ಯುಲೇಟರ್ ಬದಲಿಸುವ ಮುಂಚೆ ಈ ಸ್ವಿಚ್ ಅಳೆಯಿರಿ.

ಹ್ಯಾಂಡಲ್ ತಿರುಗಿಸಿದಾಗ ಮಾತ್ರ ನಿಲ್ಲುವ ಗಾಡಿಗೆ ಅಳತೆಯೂ ಬೇಡ. ಅದು ಹೆಚ್ಚುಕಮ್ಮಿ ಯಾವಾಗಲೂ ಸ್ಟೀರಿಂಗ್ ಹತ್ತಿರ ಮಡಚಿ ಮಡಚಿ ಒಳಗೇ ತುಂಡಾದ ತಂತಿ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿರುತ್ತದೆ, ಒಳಗಿನ ತಾಮ್ರ ಹೋಗಿರುತ್ತದೆ. ಬೆರಳಲ್ಲಿ ಬಗ್ಗಿಸಿ ನೋಡಿ, ಒಂದು ಕಡೆ ತೀರಾ ಮೆತ್ತಗೆ ಬಾಗಿದರೆ ಅಲ್ಲೇ ತುಂಡಾಗಿದೆ.

ಬಿಚ್ಚಿ ತೊಳೆಯುವ ದಾರಿ

ಕೀ ಅಲ್ಲಾಡಿಸಿದರೆ ಲೈಟು ಬಂದು ಹೋಗುತ್ತದೆ, ಬೀಗ ಮಾತ್ರ ಗಟ್ಟಿ, ಕೀ ಸಡಿಲವಿಲ್ಲ ಅನ್ನುವಂತಿದ್ದರೆ ನಾನು ಇದನ್ನೇ ಮೊದಲು ಹೇಳುವುದು. ಬಹಳಷ್ಟು ಸ್ವಿಚ್ಚುಗಳ ತಳದಲ್ಲಿ ಕಾಂಟ್ಯಾಕ್ಟ್ ಇರುವ ಪ್ಲಾಸ್ಟಿಕ್ ಬಿಲ್ಲೆ ಬೇರೆಯಾಗಿರುತ್ತದೆ, ಎರಡು ಮೂರು ಪ್ಲಾಸ್ಟಿಕ್ ಕೊಕ್ಕೆ ಅಥವಾ ಸಣ್ಣ ಸ್ಕ್ರೂ ಹಿಡಿದಿರುತ್ತದೆ. ಬಿಚ್ಚುವಾಗ ದೊಡ್ಡ ಪಾರದರ್ಶಕ ಚೀಲದೊಳಗೆ ಕೈ ಇಟ್ಟು ಬಿಚ್ಚಿ. ಒಳಗೆ ಸ್ಪ್ರಿಂಗು, ಸಣ್ಣ ಗುಂಡು ಇರುತ್ತವೆ, ಹಾರಿದರೆ ಸಿಗುವುದಿಲ್ಲ. ಒಳಗೆ ನೋಡಿದರೆ ಹಳೇ ಗ್ರೀಸು ಗಟ್ಟಿಯಾಗಿ ಹಸಿರು, ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ತಾಮ್ರವನ್ನು ಪೆನ್ಸಿಲ್ ರಬ್ಬರಿನಲ್ಲೋ ತುಂಬಾ ನಯವಾದ ಉಜ್ಜುಕಾಗದದಲ್ಲೋ ಮೆಲ್ಲಗೆ ಉಜ್ಜಿ. ಒರಟು ಕಾಗದ ಹಾಕಿ ತಿಕ್ಕಿದರೆ ಮೇಲಿನ ಲೇಪ ಹೋಗಿ ಕೆಲವೇ ದಿನಗಳಲ್ಲಿ ಮತ್ತೆ ಕಪ್ಪಾಗುತ್ತದೆ. ಕೊನೆಗೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಡೈಎಲೆಕ್ಟ್ರಿಕ್ (ಕರೆಂಟು ಹರಿಯದ) ಗ್ರೀಸು, ತೆಳ್ಳಗೆ ಸವರಿದರೆ ಸಾಕು.

ಕೀ ತೂತಿಗೆ ಗ್ರಾಫೈಟ್ ಪುಡಿ ಸುರಿಯುವ ಅಭ್ಯಾಸ ಇದೆಯಲ್ವಾ, ಇಲ್ಲಿ ಜೋಪಾನ. ಗ್ರಾಫೈಟಿನಲ್ಲಿ ಕರೆಂಟು ಹರಿಯುತ್ತದೆ. ಜಾಸ್ತಿ ಹಾಕಿದರೆ ಕೆಳಗಿನ ಕಾಂಟ್ಯಾಕ್ಟಿಗೆ ಉದುರುತ್ತದೆ.

ಈ ದಾರಿಯ ದೊಡ್ಡ ಲಾಭ, ಅದೇ ಕೀ ಉಳಿಯುತ್ತದೆ. ಟ್ಯಾಂಕ್ ಮುಚ್ಚಳಕ್ಕೆ, ಸೀಟಿಗೆ ಅದೇ ಕೀ ಇರುವ ಗಾಡಿಗಳಲ್ಲಿ ಇದು ಸಣ್ಣ ಮಾತಲ್ಲ. ಆದರೆ ಬಿಲ್ಲೆ ಸುಟ್ಟು ಕರಗಿದ್ದರೆ, ಕಾಂಟ್ಯಾಕ್ಟಿನ ಪಟ್ಟಿ ಬಿಗುವು ಕಳೆದುಕೊಂಡಿದ್ದರೆ ತೊಳೆದು ಪ್ರಯೋಜನ ಇಲ್ಲ. ಓಡುವಾಗಲೇ ಕೀ ಹೊರಗೆ ಬರುವ ಗಾಡಿಗೂ ಇದು ಉತ್ತರ ಅಲ್ಲ.

ತಂತಿ ಮಾತ್ರ ಬದಲಿಸುವುದು

ಹಳೇ ಗಾಡಿಗೆ ನನಗೆ ಅತಿ ಹೆಚ್ಚು ನಂಬಿಕೆ ಇರುವ ದಾರಿ ಇದು, ತೊಳೆಯುವ ಕೆಲಸದ ಜೊತೆಗೇ ಮಾಡಿದರೆ ಇನ್ನೂ ಒಳ್ಳೆಯದು. ಸ್ವಿಚ್ಚಿನಿಂದ ಕನೆಕ್ಟರ್ ತನಕ ಇರುವ ಗೊಂಚಲು ಸಾಮಾನ್ಯವಾಗಿ ಒಂದು ಮೊಳದೊಳಗೆ ಮುಗಿಯುತ್ತದೆ. ಬಿಸಿಲು, ಮಳೆ, ಹ್ಯಾಂಡಲ್ಲಿನ ತಿರುಗಾಟ ಎಲ್ಲ ಅದರ ಮೇಲೇ.

ಎಲ್ಲಿ ಕತ್ತರಿಸಬೇಕು ಎನ್ನುವುದೇ ಇಲ್ಲಿ ಮುಖ್ಯ. ಸ್ವಿಚ್ಚಿನಿಂದ ಎರಡು ಮೂರು ಬೆರಳು ದೂರದಲ್ಲಿ ಕತ್ತರಿಸಿ ತಾಮ್ರ ನೋಡಿ. ಹೊಳೆಯುತ್ತಿದ್ದರೆ ಅಲ್ಲೇ ಜೋಡಿಸಬಹುದು. ಕಪ್ಪಾಗಿದ್ದರೆ ಅಲ್ಲಿ ಬೆಸುಗೆ ಹಿಡಿಯುವುದಿಲ್ಲ, ಕ್ರಿಂಪ್ ಮಾಡಿದರೂ (ಲೋಹದ ಪಿನ್ನಿನಲ್ಲಿ ಒತ್ತಿ ಹಿಡಿಸಿದರೂ) ತಡೆ ಉಳಿಯುತ್ತದೆ. ಆಗ ಬಿಲ್ಲೆಯ ತನಕ ಹೋಗಿ ಹಳೇ ಬೆಸುಗೆ ಬಿಡಿಸಿ ಹೊಸ ತಂತಿಯನ್ನು ಅಲ್ಲೇ ಕೂರಿಸಬೇಕು. ಚೆನ್ನಾಗಿ ಕಾದ ಸೋಲ್ಡರಿಂಗ್ ಐರನ್ನಿನಲ್ಲಿ ಬೇಗ ಮುಗಿಸಿ, ಸರಿಯಾಗಿ ಕಾಯದ ಐರನ್ ಹಿಡಿದು ಬಹಳ ಹೊತ್ತು ಕಾಯಿಸಿದರೆ ಕಾಂಟ್ಯಾಕ್ಟ್ ಕೂತಿರುವ ಪ್ಲಾಸ್ಟಿಕ್ ಮೆತ್ತಗಾಗಿ ವಾರೆಯಾಗುತ್ತದೆ.

ತಂತಿಯ ದಪ್ಪಕ್ಕೆ ಜಿಪುಣತನ ಬೇಡ. ಬ್ಯಾಟರಿಯಿಂದ ಬರುವ ಮತ್ತು ಆನ್ ಆದ ಮೇಲೆ ಹೋಗುವ ಮುಖ್ಯ ತಂತಿಗಳಿಗೆ 1.25 ಚದರ ಮಿಮೀ, ಜಾಸ್ತಿ ಲೋಡ್ ಇರುವ ದೊಡ್ಡ ಗಾಡಿಗೆ 2. ಉಳಿದ ಸಣ್ಣ ಕೆಲಸಕ್ಕೆ 0.85 ಸಾಕು. 8 ಆಂಪಿಗೆ 1.25ರ ತಂತಿ ಒಂದು ಮೀಟರ್ ಉದ್ದಕ್ಕೆ ಸುಮಾರು 0.11 ವೋಲ್ಟ್ ಕಳೆಯುತ್ತದೆ, 0.5ರ ತಂತಿಯಾದರೆ 0.28. 6 ವೋಲ್ಟಿನ ಗಾಡಿಯಾದರೆ ಇನ್ನೂ ದಪ್ಪ ಬೇಕು, ಯಾಕಂದ್ರೆ ಅದೇ ವ್ಯಾಟಿಗೆ ಅಲ್ಲಿ ಎರಡರಷ್ಟು ಆಂಪ್ ಹರಿಯುತ್ತದೆ, ಕಳೆಯುವ ವೋಲ್ಟೂ ಎರಡರಷ್ಟು. ವಾಹನಗಳಿಗೆಂದೇ ಮಾಡಿದ, ಸಣ್ಣ ಸಣ್ಣ ಎಳೆ ಇರುವ ತಂತಿಯನ್ನೇ ತನ್ನಿ. ಮನೆಯ ವೈರಿಂಗಿನ ಒಂಟಿ ಎಳೆಯ ತಂತಿ ಬೈಕಿನ ನಡುಕಕ್ಕೆ ತುಂಡಾಗುತ್ತದೆ.

ಕ್ರಿಂಪೋ ಬೆಸುಗೆಯೋ? ಕನೆಕ್ಟರಿನ ಪಿನ್ನಿಗೆ ಕ್ರಿಂಪೇ ಸರಿ. ಒಳ್ಳೇ ಪಿನ್ನಿಗೆ ಎರಡು ಜೊತೆ ರೆಕ್ಕೆ ಇರುತ್ತವೆ, ಒಂದು ತಾಮ್ರ ಹಿಡಿಯಲು, ಇನ್ನೊಂದು ಮೇಲಿನ ಪ್ಲಾಸ್ಟಿಕ್ ಹಿಡಿಯಲು. ಅದಕ್ಕೆ ತಕ್ಕ ಇಕ್ಕಳ ಬೇಕು, ಮಾಮೂಲಿ ಇಕ್ಕಳದಲ್ಲಿ ಒತ್ತಿದ್ದು ನಿಲ್ಲುವುದಿಲ್ಲ. ಬೆಸುಗೆ ಕೆಟ್ಟದ್ದೇನಲ್ಲ, ಆದರೆ ಸೀಸ ಎಳೆಗಳೊಳಗೆ ಹರಿದು ತಂತಿ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಆ ಗಟ್ಟಿ ಭಾಗ ಮುಗಿಯುವ ಕಡೆ ನಡುಕಕ್ಕೆ ತುಂಡಾಗುತ್ತದೆ. ಹಾಗಾಗಿ ಬೆಸೆದ ಜಾಗವನ್ನು ಹ್ಯಾಂಡಲ್ ತಿರುಗುವಾಗ ಬಾಗುವ ಕಡೆ ಇಡಬೇಡಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ ಎರಡೂ ಪಕ್ಕ ಆಸರೆ ಕೊಡಿ. ಸುಮ್ನೆ ತಿರುಚಿ ಟೇಪ್ ಸುತ್ತಿದ್ದು ಜೋಡಣೆಯೇ ಅಲ್ಲ. ಆ ಟೇಪು ಬಿಸಿಲಿಗೆ ಅಂಟಂಟಾಗಿ ಜಾರುತ್ತದೆ.

ಹೊಸ ಸ್ವಿಚ್ ಸೆಟ್

ಬೀಗ ಸವೆದು ಯಾವ ಕೀ ಹಾಕಿದರೂ ತಿರುಗುತ್ತಿದ್ದರೆ, ಸ್ಟೀರಿಂಗ್ ಲಾಕು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದ್ದರೆ, ಬಿಲ್ಲೆ ಸುಟ್ಟಿದ್ದರೆ, ಆಗ ಹೊಸದೇ ಬೇಕು. ಸ್ಟೀರಿಂಗ್ ಲಾಕಿನ ವಿಷಯದಲ್ಲಂತೂ ತಡ ಮಾಡಬೇಡಿ. ಓಡುವಾಗ ಹ್ಯಾಂಡಲ್ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕಂಪನಿಯದೇ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಳೇ ಸ್ಟಾಕ್ ಆದರೆ ಒಳಗಿನ ಗ್ರೀಸು ಗಟ್ಟಿಯಾಗಿರಬಹುದು, ಹಾಕುವ ಮುಂಚೆ ಒಮ್ಮೆ ಅಳೆಯಿರಿ. ಬೇರೆ ತಯಾರಕರದು ಬೆಲೆ ಕಡಿಮೆ, ಸಿಗುವುದೂ ಸುಲಭ, ಆದರೆ ಉಳಿತಾಯ ಮಾಡುವುದು ತಂತಿಯಲ್ಲೇ. ಮೇಲೆ ದಪ್ಪ ಪ್ಲಾಸ್ಟಿಕ್, ಒಳಗೆ ತೆಳ್ಳನೆ ತಾಮ್ರ. ಕನೆಕ್ಟರ್ ಒಂದೇ ರೀತಿ ಕಂಡರೂ ಪಿನ್ನುಗಳ ಕ್ರಮ ಬೇರೆ ಇರಬಹುದು, ಬಣ್ಣಗಳಂತೂ ಹೊಂದುತ್ತವೆ ಎಂಬ ಭರವಸೆ ಇಲ್ಲ. ಮೊದಲೇ ಬರೆದಿಟ್ಟ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಹೊಸ ಸ್ವಿಚ್ಚನ್ನೂ ಹಾಗೇ ಅಳೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಪಾರ್ಕಿಂಗ್ ಸ್ಥಾನ, ಲಾಕಿನ ನಾಲಿಗೆಯ ಉದ್ದ, ಬೋಲ್ಟಿನ ತೂತುಗಳ ಅಂತರ ಇವನ್ನೂ.

ಕೆಲವು ಸುಜುಕಿ ಮಾದರಿಗಳಲ್ಲಿ ಸ್ವಿಚ್ಚಿನ ಒಳಗೆ ಒಂದು ರೆಸಿಸ್ಟರ್ ಇರುತ್ತದೆ, ಇಗ್ನಿಷನ್ ಪೆಟ್ಟಿಗೆ ಅದನ್ನು ಕಾಣದಿದ್ದರೆ ಕಿಡಿ ಕೊಡುವುದಿಲ್ಲ. ಲೈಟೆಲ್ಲ ಬಂದು ಕಿಡಿ ಮಾತ್ರ ಬರದಿದ್ದರೆ ಇದು ನೆನಪಿರಲಿ.

ಒಂದು ಒಳ್ಳೇ ಉಪಾಯ ಇದೆ. ಬೇರೆ ತಯಾರಕರ ಸ್ವಿಚ್ ತಂದು ಅದರ ತಳದ ಬಿಲ್ಲೆಯನ್ನು ಮಾತ್ರ ನಿಮ್ಮ ಹಳೇ ಬೀಗಕ್ಕೆ ಕೂರಿಸುವುದು. ಕೊಕ್ಕೆಗಳು ಹೊಂದಿದರೆ ಹಳೇ ಕೀಯೂ ಉಳಿಯಿತು, ಕಾಂಟ್ಯಾಕ್ಟೂ ಹೊಸದಾಯಿತು. ಗುಜರಿಯಿಂದ ತಂದ ಹಳೇ ಸ್ವಿಚ್ಚಿಗಿಂತ ಇದು ಎಷ್ಟೋ ವಾಸಿ, ಗುಜರಿಯದ್ದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ.

ಸಾಮಾನ್ಯ ಸ್ವಿಚ್ ಹೊಂದಿಸುವುದು

ಬಿಡಿಭಾಗವೇ ಸಿಗದ ಗಾಡಿಗೆ, ಅದೂ ಬ್ಯಾಟರಿ ಇಗ್ನಿಷನ್ ಇದ್ದರೆ, ಇದು ನಡೆಯುತ್ತದೆ. ಸ್ವಿಚ್ಚಿನ ಮೇಲೆ ಬರೆದಿರುವ ಆಂಪ್ ನೋಡಿ, ನೀರು ಒಳಗೆ ಹೋಗದಂಥದ್ದು ಆರಿಸಿ. ಸ್ಟೀರಿಂಗ್ ಲಾಕು ಹೋಗುತ್ತದೆ, ಅದಕ್ಕೆ ಬೇರೆ ಬೀಗ ಯೋಚಿಸಬೇಕು. ಎಸಿ ಸಿಡಿಐ ಗಾಡಿಗೆ, ಆಫ್‌ನಲ್ಲಿ ಅರ್ಥ್ ಮಾಡುವ ಜೋಡಿ ಇರುವ ಸ್ವಿಚ್ ಸಿಗದಿದ್ದರೆ ಈ ದಾರಿ ಬಿಟ್ಟುಬಿಡಿ. ಹ್ಯಾಂಡಲ್ಲಿನ ಕಿಲ್ ಸ್ವಿಚ್ಚಿನಿಂದ ಎಂಜಿನ್ ನಿಲ್ಲಿಸಬಹುದು ನಿಜ, ಆದರೆ ಕೀ ಇಲ್ಲದೆ ಯಾರು ಬೇಕಾದರೂ ಕಿಕ್ ಹೊಡೆದು ಓಡಿಸಿಕೊಂಡು ಹೋಗಬಹುದು.

ಗುಂಡಿ ಒತ್ತಿದರೆ ಆನ್ ಆಗುವ ಕೀ ಇಲ್ಲದ ಪೆಟ್ಟಿಗೆಗಳನ್ನು ಹಳೇ ಗಾಡಿಗೆ ನಾನು ಹೇಳುವುದಿಲ್ಲ. ನಿಂತಾಗಲೂ ಸಣ್ಣ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತವೆ.

ರಿಲೇ ಬೇಕಾ?

ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವ, ಅದರ ಕರೆಂಟೆಲ್ಲ ಇಗ್ನಿಷನ್ ಸ್ವಿಚ್ ಮೂಲಕವೇ ಹೋಗುವ ಗಾಡಿಗೆ ಬೇಕು, ಧಾರಾಳವಾಗಿ ಬೇಕು. ರಿಲೇ ಇದ್ದರೆ ಸ್ವಿಚ್ ಹೊರುವ ಭಾರ 4-5 ಆಂಪ್ ಇಳಿಯುತ್ತದೆ, ಅದರ ಬದಲು ರಿಲೇಯ ಕಾಯಿಲ್ ಎಳೆಯುವುದು ಸುಮಾರು 0.15 ಆಂಪ್ ಅಷ್ಟೇ. ತೊಳೆದ ಹಳೇ ಕಾಂಟ್ಯಾಕ್ಟು ಇದರಿಂದ ವರ್ಷಗಟ್ಟಲೆ ಬಾಳುತ್ತದೆ. ಡಿಮ್ಮರ್ ಸ್ವಿಚ್ಚಿಗೆ (ಹೆಡ್‌ಲೈಟಿನ ಹೈ-ಲೋ ಬದಲಿಸುವುದು) ಹೋಗುವ ತಂತಿಯನ್ನು ತುಂಡು ಮಾಡಿ, ಇಗ್ನಿಷನ್ ಸ್ವಿಚ್ ಕಡೆಯಿಂದ ಬರುವ ತುದಿಯನ್ನು ರಿಲೇಯ 86 ನಂಬರಿನ ಪಿನ್ನಿಗೆ ಕೊಡಿ. 85 ಅರ್ಥಿಗೆ, 30 ಬ್ಯಾಟರಿಯಿಂದ ಬೇರೆ ಫ್ಯೂಸ್ ಮೂಲಕ, 87 ಡಿಮ್ಮರ್ ಕಡೆಗೆ. ಒಂದು 60/55 ವ್ಯಾಟ್ ಹೆಡ್‌ಲೈಟಿಗೆ 10 ಆಂಪ್ ಫ್ಯೂಸ್ ಸಾಕು, ಅದು ಬ್ಯಾಟರಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು.

ಕೆಲವರು ಇಡೀ ಗಾಡಿಯನ್ನೇ, ಇಗ್ನಿಷನ್ ಕಾಯಿಲ್ ಸಮೇತ, ಒಂದೇ ರಿಲೇಗೆ ಕೊಡುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. 12 ವೋಲ್ಟಿನ ರಿಲೇ ಹಿಡಿಯಲು 7-8 ವೋಲ್ಟ್ ಆದರೂ ಬೇಕು. ಬ್ಯಾಟರಿ ಸತ್ತ ದಿನ ತಳ್ಳಿ ಅಥವಾ ಕಿಕ್ ಹೊಡೆದು ಸ್ಟಾರ್ಟ್ ಆಗಬಹುದಾಗಿದ್ದ ಗಾಡಿ, ರಿಲೇ ಹಿಡಿಯದ ಕಾರಣಕ್ಕೇ ನಿಂತುಬಿಡುತ್ತದೆ. ಲೈಟನ್ನು ರಿಲೇಗೆ ಕೊಟ್ಟು ಕಾಯಿಲನ್ನು ಸ್ವಿಚ್ಚಿಗೇ ಬಿಡುವುದು ನನ್ನ ಆಯ್ಕೆ.

ಸಣ್ಣ ಗಾಡಿಗಳಲ್ಲಿ ಹೆಡ್‌ಲೈಟು ನೇರ ಮ್ಯಾಗ್ನೆಟಿನ ಎಸಿಯಿಂದ ಉರಿಯುತ್ತಿದ್ದರೆ ರಿಲೇ ಬೇಡ. ಸ್ವಿಚ್ಚಿನ ಮೇಲೆ ಅಲ್ಲಿ ಭಾರವೇ ಇಲ್ಲ, ಮಾಮೂಲಿ ರಿಲೇ ಎಸಿಯಲ್ಲಿ ಕಟಕಟ ಅನ್ನುತ್ತದೆ ಅಷ್ಟೇ. 6 ವೋಲ್ಟಿನ ಗಾಡಿಗೆ 6 ವೋಲ್ಟಿನದೇ ರಿಲೇ ಹುಡುಕಿ.

ಜೋಡಿಸುವಾಗ, ಜೋಡಿಸಿದ ಮೇಲೆ

ಯಾವ ದಾರಿ ಹಿಡಿದರೂ ಮೊದಲು ಬ್ಯಾಟರಿಯ ಅರ್ಥ್ ಬಿಚ್ಚಿ. ಸ್ವಿಚ್ಚಿಗೆ ಬರುವ ತಂತಿಯಲ್ಲಿ ಕೀ ಆಫ್ ಇದ್ದರೂ ಕರೆಂಟು ಇರುತ್ತದೆ. ಹೊಸ ಗೊಂಚಲನ್ನು ಸ್ಟೀರಿಂಗ್ ಹತ್ತಿರ ಬಿಗಿಯಾಗಿ ಕಟ್ಟಬೇಡಿ, ಒಂದು ಸಡಿಲ ಸುತ್ತು ಬಿಡಿ, ಹ್ಯಾಂಡಲನ್ನು ಎಡದ ಕೊನೆಗೆ ಬಲದ ಕೊನೆಗೆ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ, ಸ್ಟಾಪರಿಗೆ ಸಿಕ್ಕಿ ಜಜ್ಜುತ್ತಿಲ್ಲ ಎಂದು ನೋಡಿ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಗಾಡಿ ನಿಲ್ಲಿಸಿಕೊಂಡು ಮತ್ತೊಮ್ಮೆ ಹಾಗೇ ತಿರುಗಿಸಿ, ಕೀ ಆಫ್ ಮಾಡಿದರೆ ಎಂಜಿನ್ ನಿಲ್ಲುತ್ತದಾ ನೋಡಿ. ಹೆಡ್‌ಲೈಟ್ ಹಾಕಿಕೊಂಡು ಒಂದು ಸುತ್ತು ಹೋಗಿ ಬಂದು ಕನೆಕ್ಟರ್ ಮುಟ್ಟಿ. ಬೆಚ್ಚಗಿದ್ದರೆ ಯಾವುದೋ ಪಿನ್ ಸರಿಯಾಗಿ ಕೂತಿಲ್ಲ, ಅದನ್ನು ಅವತ್ತೇ ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ.